ಗುಡ್ಡದ ಮೇಲಿನ ಎಸ್ಟೇಟು: ಪದಚ್ಯುತ ಅಧ್ಯಕ್ಷನ ನಿವಾಸದಿಂದ ಕುಟುಂಬದ ಹೋಟೆಲಿನವರೆಗೆ

ಲೆಕ್ಕಪತ್ರದಲ್ಲಿ ಭೂಮಿ ಮತ್ತು ಕಟ್ಟಡಗಳನ್ನು ಸ್ಥಿರಾಸ್ತಿ ಎಂದು ಕರೆಯಲಾಗುತ್ತದೆ. ಆದರೆ ಅವುಗಳ ಒಡೆತನವಾಗಲಿ, ಉಪಯೋಗವಾಗಲಿ ಸ್ಥಿರವಲ್ಲ. ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪದಲ್ಲಿರುವ ‘ವಿಲ್ಲಾ ಸಂತಾನಾ’ ಎಂಬ ಎಸ್ಟೇಟಿನ ಇತಿಹಾಸವು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ. ರಾಜಧಾನಿ ಶಾರ್ಲೊಟ್ ಅಮಾಲಿಯ ಪಟ್ಟಣದ ಡೆನ್ಮಾರ್ಕ್ ಹಿಲ್ ಎಂಬ ಗುಡ್ಡದ ಮೇಲೆ, ಬಂದರಿಗೆ ಅಭಿಮುಖವಾಗಿ ಈ ಎಸ್ಟೇಟು ನೆಲೆಸಿದೆ.

ಮುಕ್ತ ಬಂದರಿನ ಮಹಿಮೆ

1672ರಲ್ಲಿ ಡೇನಿಷರು ಈ ದ್ವೀಪದಲ್ಲಿ ನೆಲೆಯೂರಿದರು. ಆಳವಾದ ಸಹಜ ಬಂದರನ್ನು ಎಲ್ಲ ದೇಶಗಳ ಹಡಗುಗಳಿಗೂ ತೆರೆದಿಟ್ಟ ಕಾರಣ ಸೇಂಟ್ ಥಾಮಸ್ ಪ್ರಸಿದ್ಧ ವ್ಯಾಪಾರ ಕೇಂದ್ರವಾಯಿತು. ಈ ಸಂಪತ್ತಿನಲ್ಲಿ ಗುಲಾಮರ ಮಾರಾಟದಿಂದ ಬಂದ ಪಾಲೂ ಇದ್ದಿತೆಂಬುದನ್ನು ಮರೆಯಲಾಗದು. ಡೇನಿಷ್ ದ್ವೀಪಗಳಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1848ರಲ್ಲಿ. ಉಗಿಹಡಗುಗಳ ಯುಗದಲ್ಲಿ ಬ್ರಿಟನ್ನಿನ ರಾಯಲ್ ಮೇಲ್ ಸಂಸ್ಥೆಯ ಹಡಗುಗಳು ಇಲ್ಲಿ ಕಲ್ಲಿದ್ದಲು ತುಂಬಿಸಿಕೊಳ್ಳುತ್ತಿದ್ದವು. ಕಲ್ಲಿದ್ದಲ ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ಹಡಗಿಗೆ ಸಾಗಿಸುತ್ತಿದ್ದವರು ಸ್ಥಳೀಯ ಮಹಿಳೆಯರು. ಹೀಗೆ ಅಂಚೆ, ಸುದ್ದಿ, ಸಾಲ, ಸರಕು ಎಲ್ಲವೂ ಒದಗುತ್ತಿದ್ದ ಊರು, ರಾಜ್ಯ ಕಳೆದುಕೊಂಡ ರಾಜಕಾರಣಿಗೆ ಸೂಕ್ತ ತಾಣವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಜನರಲ್ ಸಾಂತಾ ಅನಾ

ಆ ರಾಜಕಾರಣಿಯೇ ಮೆಕ್ಸಿಕೋದ ಜನರಲ್ ಆಂಟೋನಿಯೋ ಲೋಪೆಸ್ ದೆ ಸಾಂತಾ ಅನಾ. ಹಲವು ಬಾರಿ ಅಧ್ಯಕ್ಷ ಪದವಿಗೇರಿದ ಈತ 1836ರಲ್ಲಿ ಟೆಕ್ಸಾಸ್ ಯುದ್ಧದಲ್ಲಿ ಸೋತು ಸೆರೆಯಾದನು. 1838ರಲ್ಲಿ ಫ್ರೆಂಚರ ಫಿರಂಗಿ ಗುಂಡಿನಿಂದ ಒಂದು ಕಾಲನ್ನು ಕಳೆದುಕೊಂಡನು. 1853ರ ಒಪ್ಪಂದದ ಮೂಲಕ ಮೆಕ್ಸಿಕೋದ ಉತ್ತರ ಗಡಿಯ ವಿಶಾಲ ಪ್ರದೇಶವನ್ನು ಅಮೆರಿಕಕ್ಕೆ ಮಾರಿದನು. ಅಂತಿಮವಾಗಿ ನಿಗದಿಯಾದ ಬೆಲೆ 1 ಕೋಟಿ ಡಾಲರ್. 1855ರಲ್ಲಿ ಪದಚ್ಯುತನಾಗಿ ದೇಶ ತೊರೆದ ಬಳಿಕ ಕೊಲಂಬಿಯದಲ್ಲಿಯೂ ಅನಂತರ ಸೇಂಟ್ ಥಾಮಸ್‌ನಲ್ಲಿಯೂ ವಾಸಿಸಿದನು. 1850ರ ದಶಕದಲ್ಲಿ ಆತ ಕಟ್ಟಿಸಿದ ನಿವಾಸವೆಂದೇ ವಿಲ್ಲಾ ಸಂತಾನಾ ಹೆಸರಾಗಿದೆ.

ಆದರೆ ಜನರಲ್‌ಗೆ ಈ ನಿವಾಸವು ಅಧಿಕಾರಕ್ಕೆ ಮರಳುವವರೆಗಿನ ತಂಗುದಾಣ ಮಾತ್ರವಾಗಿತ್ತು. 1864ರಲ್ಲಿ ಮೆಕ್ಸಿಕೋದ ನೆಲ ತುಳಿದಾಗ ಅಲ್ಲಿದ್ದ ಫ್ರೆಂಚರು ಆತನನ್ನು ಹಿಂದಕ್ಕಟ್ಟಿದರು. 1866ರ ಜನವರಿಯಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಸೀವರ್ಡ್ ದ್ವೀಪಕ್ಕೆ ಬಂದಿದ್ದಾಗ ಜನರಲ್‌ನನ್ನು ಭೇಟಿಯಾದನು. ಈ ಸೌಜನ್ಯದ ಭೇಟಿಯನ್ನೇ ಬಂಡವಾಳ ಮಾಡಿಕೊಂಡ ಮಧ್ಯವರ್ತಿಗಳು, ಅಮೆರಿಕದ ಬೆಂಬಲ ಖಚಿತವೆಂದು ಸುಳ್ಳು ಪತ್ರ ತೋರಿಸಿ ಆತನಿಂದ ದೊಡ್ಡ ಮೊತ್ತವನ್ನು ಲಪಟಾಯಿಸಿದರು. ನ್ಯೂಯಾರ್ಕಿಗೆ ಹೋದ ಮೇಲೆಯೇ ಮೋಸದ ಅರಿವಾಯಿತು. ದಾಖಲೆಯನ್ನು ಪರಿಶೀಲಿಸದೆ ಹಣ ತೊಡಗಿಸಿದವರ ಪಾಡು ಅಂದಿಗೂ ಇಂದಿಗೂ ಒಂದೇ.

ನ್ಯೂಯಾರ್ಕಿನಲ್ಲಿದ್ದಾಗ ಆತನ ಬಳಿಯಿದ್ದ ‘ಚಿಕ್ಲೆ’ ಎಂಬ ಮರದ ಅಂಟು ಥಾಮಸ್ ಆಡಮ್ಸ್ ಎಂಬ ಸಂಶೋಧಕನ ಕೈಸೇರಿತು. ರಬ್ಬರಿಗೆ ಬದಲಿಯಾಗಿ ಅದನ್ನು ಬಳಸುವ ಯತ್ನ ವಿಫಲವಾದರೂ ಅದರಿಂದಲೇ ಆಡಮ್ಸ್ ಚ್ಯೂಯಿಂಗ್ ಗಮ್ ಉದ್ಯಮವನ್ನು ಬೆಳೆಸಿದನು. ಜನರಲ್ ಮಾತ್ರ 1874ರಲ್ಲಿ ತಾಯ್ನಾಡಿಗೆ ಮರಳಿ, 1876ರಲ್ಲಿ ಬಡತನದಲ್ಲಿ ನಿಧನ ಹೊಂದಿದನು.

ಕೈಬದಲಾದ ದ್ವೀಪ

1867ರಲ್ಲಿ ಸೇಂಟ್ ಥಾಮಸ್ ಮತ್ತು ಸೇಂಟ್ ಜಾನ್ ದ್ವೀಪಗಳನ್ನು 75 ಲಕ್ಷ ಡಾಲರಿಗೆ ಕೊಳ್ಳಲು ಸೀವರ್ಡ್ ಒಪ್ಪಂದ ಮಾಡಿಕೊಂಡನು. ಅದೇ ಅಕ್ಟೋಬರಿನಲ್ಲಿ ಭೀಕರ ಚಂಡಮಾರುತ, ನವೆಂಬರಿನಲ್ಲಿ ಭೂಕಂಪ ಮತ್ತು ಸುನಾಮಿ ಸಂಭವಿಸಿದವು. ಅಮೆರಿಕದ ಸೆನೆಟ್ ಒಪ್ಪಿಗೆ ನೀಡದೆ ವ್ಯವಹಾರ ಬಿದ್ದುಹೋಯಿತು. ಐವತ್ತು ವರ್ಷಗಳ ಅನಂತರ, 1917ರಲ್ಲಿ, ಸೇಂಟ್ ಕ್ರಾಯ್ ಸಹಿತ ಮೂರು ದ್ವೀಪಗಳಿಗೆ ಅಮೆರಿಕ 2.5 ಕೋಟಿ ಡಾಲರ್ ತೆತ್ತಿತು. 1959ರ ಕ್ರಾಂತಿಯ ತರುವಾಯ ಕ್ಯೂಬಾದ ಬಾಗಿಲು ಅಮೆರಿಕದ ಪ್ರವಾಸಿಗಳಿಗೆ ಮುಚ್ಚಿದಾಗ ಅವರ ಪ್ರವಾಹ ಈ ದ್ವೀಪಗಳತ್ತ ತಿರುಗಿತು. ಕಲ್ಲಿದ್ದಲ ಹಡಗುಗಳ ಬಂದರಿಗೆ ವಿಹಾರ ನೌಕೆಗಳು ಬಂದವು.

ಒಡೆಯದೆ ಬಳಸುವ ಜಾಣ್ಮೆ

ವಿಲ್ಲಾ ಸಂತಾನಾ ಕುಟುಂಬದ ಹೋಟೆಲಾದದ್ದು ಈ ಹಿನ್ನೆಲೆಯಲ್ಲಿ. ಹಳೆಯ ಕಟ್ಟಡಗಳನ್ನು ನೆಲಸಮಗೊಳಿಸಿ ಬಹುಮಹಡಿ ಎಬ್ಬಿಸುವ ಮಾರ್ಗವನ್ನು ಇಲ್ಲಿ ಹಿಡಿಯಲಿಲ್ಲ. ಜನರಲ್‌ನ ಗ್ರಂಥಾಲಯ ‘ಲಾ ಮಾನ್ಸಿಯೋನ್’ ಎಂಬ ಅತಿಥಿಗೃಹವಾಯಿತು. ಮದ್ಯದ ನೆಲಮಾಳಿಗೆ ‘ಲಾ ತೆರಾಸಾ’ ಆಯಿತು. ಎಸ್ಟೇಟಿನ ಅಡುಗೆಮನೆಯೂ ನಂಬಿಕೆಯ ಸಹಾಯಕನ ಕಲ್ಲಿನ ಕೋಣೆಯೂ ವಸತಿಗಳಾದವು. ನೀರೆತ್ತುವ ಪಂಪುಮನೆಯು ‘ಲಾ ತೋರೆ’ ಎಂಬ ವೀಕ್ಷಣಾ ಗೋಪುರವಾಯಿತು.

ಲೆಕ್ಕಪರಿಶೋಧಕನ ದೃಷ್ಟಿಯಲ್ಲಿ ಇದರ ಮರ್ಮ ಸರಳವಾಗಿದೆ. ಕೋಣೆಗಳು ಬೆರಳೆಣಿಕೆಯಷ್ಟಿರುವಾಗ ಆದಾಯಕ್ಕೆ ಮಿತಿಯುಂಟು. ಆದ್ದರಿಂದ ಬಂಡವಾಳ ವೆಚ್ಚವನ್ನೂ ಸಾಲದ ಬಡ್ಡಿಯನ್ನೂ ಮಿತಿಯಲ್ಲಿಡಬೇಕು. ದೊಡ್ಡ ಹೋಟೆಲು ಹಣ ಕೊಟ್ಟು ಕಟ್ಟಿಸಲಾಗದ ಇತಿಹಾಸವೂ ಬಂದರಿನ ನೋಟವೂ ಇಂತಹ ಎಸ್ಟೇಟಿಗೆ ಸಹಜವಾಗಿ ಲಭಿಸಿವೆ. ಇವು ಆಸ್ತಿ-ಹೊಣೆ ಪಟ್ಟಿಯಲ್ಲಿ ಕಾಣಿಸದ ಆಸ್ತಿಗಳು.

ಆದರೆ ಕಾಣಿಸದ ಹೊಣೆಗಳೂ ಇವೆ. 1995ರ ಮರಿಲಿನ್, 2017ರ ಇರ್ಮಾ ಚಂಡಮಾರುತಗಳು ಸೇಂಟ್ ಥಾಮಸನ್ನು ಜರ್ಜರಿತಗೊಳಿಸಿದವು. ಹೊಳೆಯಿಲ್ಲದ ದ್ವೀಪದಲ್ಲಿ ಛಾವಣಿಯ ಮಳೆನೀರನ್ನು ತೊಟ್ಟಿಗಳಲ್ಲಿ ಶೇಖರಿಸಿಕೊಳ್ಳುವುದು ಪದ್ಧತಿ. ಛಾವಣಿ ಹಾರಿಹೋದರೆ ನೀರಿನ ಮೂಲವೂ ಹೋದಂತೆ. ವಿಮೆ, ದುರಸ್ತಿ ಹಾಗೂ ಮುಂದಿನ ಪೀಳಿಗೆಯ ಆಸಕ್ತಿ, ಇವುಗಳಲ್ಲಿ ಒಂದು ಕೈಕೊಟ್ಟರೂ ಕುಟುಂಬದ ಹೋಟೆಲು ಉಳಿಯದು.

ಜನರಲ್ ಈ ಗುಡ್ಡದ ಮೇಲೆ ಕುಳಿತು ದೂರದ ಸಿಂಹಾಸನದ ಕಡೆಗೇ ನೋಡಿದನು, ಕೈಯಲ್ಲಿದ್ದುದು ಕರಗಿಹೋಯಿತು. ಅನಂತರ ಬಂದವರು ಕಾಲಡಿಯ ನೆಲವನ್ನೂ ಕಣ್ಣೆದುರಿನ ಬಂದರನ್ನೂ ನೋಡಿ ಜೀವನೋಪಾಯ ಕಂಡುಕೊಂಡರು. ಹಿರಿಯರ ಆಸ್ತಿಯನ್ನು ಮಾರುವುದೋ, ಒಡೆಯುವುದೋ ಎಂದು ಯೋಚಿಸುವ ಕುಟುಂಬಗಳ ಮುಂದೆ, ದುಡಿಸಿ ಉಳಿಸಿಕೊಳ್ಳುವ ಮೂರನೆಯ ದಾರಿಯೂ ಇದೆ.