ಮುಖಭಾವವೂ ಮಗುವಿನ ಮಿದುಳೂ

‘ದಿನಾ ಸಾಯುವವರಿಗೆ ಅಳುವವರು ಯಾರು’ ಎಂಬುದು ನಮ್ಮ ಹಿರಿಯರ ಗಾದೆ. ಮೇಲಿಂದ ಮೇಲೆ ಎದುರಾಗುವ ಸಂಗತಿಗೆ ಮನಸ್ಸು ಮೊದಲಿನಂತೆ ಮಿಡಿಯದು ಎಂಬ ಅನುಭವವೇ ಅದರ ತಿರುಳು. ಮುಖಭಾವಗಳ ವಿಷಯದಲ್ಲಿಯೂ ಈ ಮಾತು ನಿಜವೇ? ಅನುದಿನವೂ ಸಿಡುಕುಮೋರೆಯನ್ನೇ ಕಾಣುವ ಮಗುವಿನ ಮಿದುಳಿನಲ್ಲಿ ನಡೆಯುವುದೇನು? ತಂದೆತಾಯಿಯರೂ ಉಪಾಧ್ಯಾಯರೂ ಅವಶ್ಯವಾಗಿ ತಿಳಿಯಬೇಕಾದ ವಿಚಾರವಿದು.

ಮಿದುಳಿನ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ, ಬಾದಾಮಿ ಬೀಜದ ಆಕಾರದ ಎರಡು ಪುಟ್ಟ ಭಾಗಗಳಿವೆ. ಆಕಾರದಿಂದಲೇ ಅವುಗಳಿಗೆ ‘ಅಮಿಗ್ಡಲ’ ಎಂಬ ಹೆಸರು ಬಂದಿದೆ. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ಬಾದಾಮಿ ಎಂದೇ ಅರ್ಥ. ಎದುರಿನವರ ಮುಖದಲ್ಲಿ ಭಯವೋ ಕೋಪವೋ ತೋರಿದೊಡನೆ ಎಚ್ಚರಗೊಳ್ಳುವ ಕಾವಲುಗಾರರಂತೆ ಇವು ವರ್ತಿಸುತ್ತವೆ. 1998ರಲ್ಲಿ ಪಾಲ್ ವೇಲನ್ ಮತ್ತು ಸಂಗಡಿಗರು ಅಂಜಿದ ಮುಖದ ಚಿತ್ರವೊಂದನ್ನು ಸೆಕೆಂಡಿನ ಮೂವತ್ತರಲ್ಲೊಂದು ಪಾಲಿನಷ್ಟು ಕಾಲ ತೋರಿಸಿ, ಕೂಡಲೇ ಭಾವರಹಿತ ಮುಖದ ಚಿತ್ರವನ್ನು ಮುಂದಿಟ್ಟರು. ಭಯದ ಮುಖವನ್ನು ಕಂಡೆವೆಂಬ ಅರಿವು ಹೆಚ್ಚಿನವರಿಗೆ ಇರಲಿಲ್ಲ. ಅಮಿಗ್ಡಲ ಮಾತ್ರ ಎಚ್ಚತ್ತಿತ್ತು.

ಆದರೆ ಕಾವಲುಗಾರನೂ ದಣಿಯುತ್ತಾನೆ. ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಹ್ಯಾನ್ಸ್ ಬ್ರೈಟರ್ ಮತ್ತು ಸಂಗಡಿಗರು ಎಂ.ಆರ್.ಐ. ಯಂತ್ರದ ನೆರವಿನಿಂದ ನಡೆಸಿದ ಪರೀಕ್ಷೆಯ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಭಯದ ಮುಖಗಳನ್ನು ಮೊದಲು ತೋರಿಸಿದಾಗ ಅಮಿಗ್ಡಲದ ಚಟುವಟಿಕೆ ಏರಿತು. ಮತ್ತೆ ಮತ್ತೆ ತೋರಿಸಿದಂತೆ ಬೇಗನೆ ಇಳಿಯಿತು. ಇದನ್ನು ರೂಢಿಗೊಳ್ಳುವಿಕೆ ಎನ್ನಬಹುದು. ಚಿತ್ರದಿಂದ ಯಾವ ಅಪಾಯವೂ ಬಾರದೆಂದು ಕಂಡ ಮೇಲೆ ಮಿದುಳು ತನ್ನ ಎಚ್ಚರವನ್ನು ಹೊಸ ಸಂಗತಿಗಾಗಿ ಉಳಿಸಿಕೊಳ್ಳುತ್ತದೆ.

ಎಲ್ಲರೂ ಒಂದೇ ವೇಗದಲ್ಲಿ ರೂಢಿಗೊಳ್ಳುವುದಿಲ್ಲ ಎಂಬುದು ಗಮನಾರ್ಹ. ಚಿತ್ರದಲ್ಲಿನ ಮುಖ ಹೊಡೆಯುವುದಿಲ್ಲ. ಮನೆಯಲ್ಲಿನ ಕೋಪದ ಮುಖದ ಹಿಂದೆ ಪೆಟ್ಟೂ ಬರಬಹುದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೆತ್ ಪೊಲಾಕ್ ಮತ್ತು ಪವನ್ ಸಿನ್ಹಾ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಸುಕಾದ ಮುಖಚಿತ್ರಗಳನ್ನು ಕ್ರಮೇಣ ಸ್ಪಷ್ಟಗೊಳಿಸುತ್ತ ಮಕ್ಕಳಿಗೆ ತೋರಿಸಲಾಯಿತು. ಹೊಡೆತ ತಿಂದು ಬೆಳೆದ ಮಕ್ಕಳು ಚಿತ್ರ ಇನ್ನೂ ಮಸುಕಾಗಿರುವಾಗಲೇ ಕೋಪವನ್ನು ಗುರುತಿಸಿದರು. 2011ರಲ್ಲಿ ಲಂಡನ್ನಿನ ಈಮನ್ ಮೆಕ್ರೋರಿ ಮತ್ತು ಸಂಗಡಿಗರು, ಮನೆಯಲ್ಲಿ ಹಿಂಸೆ ಕಂಡ ಮಕ್ಕಳ ಅಮಿಗ್ಡಲ ಕೋಪದ ಮುಖಕ್ಕೆ ಇತರ ಮಕ್ಕಳದಕ್ಕಿಂತ ತೀವ್ರವಾಗಿ ಸ್ಪಂದಿಸುವುದನ್ನು ತೋರಿಸಿದರು. ಅಪಾಯದೊಡನೆ ಬೆಸೆದುಕೊಂಡ ಮುಖವನ್ನು ಮಿದುಳು ಹಳತೆಂದು ತಳ್ಳಿಹಾಕುವುದಿಲ್ಲ. ಮಗು ಅದನ್ನು ದೂರದಿಂದಲೇ ಗುರುತಿಸಲು ಕಲಿಯುತ್ತದೆ.

ಇವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತರಗತಿಯ ಒಂದು ಸತ್ಯ ಗೋಚರಿಸುತ್ತದೆ. ಸದಾ ಹುಬ್ಬು ಗಂಟಿಕ್ಕಿದ ಉಪಾಧ್ಯಾಯರ ಮುಖಕ್ಕೆ ತುಂಟ ಹುಡುಗನು ವಾರದೊಳಗೆ ಒಗ್ಗಿಕೊಂಡು ತನ್ನ ಆಟ ಮುಂದುವರಿಸುತ್ತಾನೆ. ಅದೇ ಮುಖವನ್ನು, ಮನೆಯಲ್ಲಿ ಪೆಟ್ಟು ತಿಂದು ಹಿಂದಿನ ಬೆಂಚಿನಲ್ಲಿ ಮುದುಡಿ ಕುಳಿತ ಮಗು ಪ್ರತಿದಿನವೂ ಮೊದಲ ದಿನದಂತೆಯೇ ಕಾಣುತ್ತದೆ. ಗದರಿಕೆ ಯಾರನ್ನು ತಿದ್ದಬೇಕಾಗಿತ್ತೋ ಅವನನ್ನು ತಟ್ಟದೆ, ಯಾರಿಗೆ ಬೇಡವಾಗಿತ್ತೋ ಅವರನ್ನೇ ಚುಚ್ಚುತ್ತದೆ. ಕಾವಲಿನಲ್ಲಿಯೇ ಮಗ್ನವಾದ ಮನಸ್ಸಿಗೆ ಮಗ್ಗಿ ಹತ್ತುವುದಾದರೂ ಹೇಗೆ?

ನಮ್ಮ ಗಡಿನಾಡಿನಲ್ಲಿ ಇದಕ್ಕೆ ಮತ್ತೊಂದು ಮುಖವಿದೆ. ತುಳು, ಮಲಯಾಳ, ಕೊಂಕಣಿ ಅಥವಾ ಮರಾಠಿ ಮನೆಮಾತಿನ ಎಷ್ಟೋ ಮಕ್ಕಳು ಕನ್ನಡ ಶಾಲೆಯ ಒಂದನೆಯ ತರಗತಿಗೆ ಬರುತ್ತಾರೆ. ಮಾತು ತಿಳಿಯುವ ಮುನ್ನ ಅವರು ಓದುವ ಮೊದಲ ಪಾಠ ಉಪಾಧ್ಯಾಯರ ಮುಖವೇ.

ಆದುದರಿಂದ ಕೋಪವನ್ನು ಅಡುಗೆಯ ಉಪ್ಪಿನಂತೆ ಅಳತೆಯರಿತು ಬಳಸುವುದು ಹಿತ. ನಿತ್ಯ ಪ್ರಸನ್ನವಾಗಿರುವ ಮುಖವು ಒಮ್ಮೆ ಗಂಭೀರವಾದರೆ ಇಡೀ ತರಗತಿ ಅದನ್ನು ಗಮನಿಸುತ್ತದೆ. ಬೆದರಿದ ಮಗುವಿಗಾದರೋ, ಮುಖ ಗಂಭೀರವಾದರೂ ಕೈ ಮೇಲೇಳುವುದಿಲ್ಲ ಎಂಬುದು ಹಲವು ಸಲ, ಹಲವು ದಿನ ಅನುಭವಕ್ಕೆ ಬರಬೇಕು. ಆ ಅನುಭವವನ್ನು ಒದಗಿಸುವುದು ನಮ್ಮ ಕೈಯಲ್ಲಿದೆ.