ತಣ್ಣನೆಯ ಧೂಮಕೇತುವಿನಿಂದ ಕ್ಷ-ಕಿರಣ: ಅಯಾನು ಎಲೆಕ್ಟ್ರಾನನ್ನು ಸೆಳೆಯುವ ಬಗೆ

1996ರ ಮಾರ್ಚ್ ತಿಂಗಳಲ್ಲಿ ಹ್ಯಾಕುಟಾಕೆ ಧೂಮಕೇತು ಭೂಮಿಯ ಸಮೀಪ ಹಾದುಹೋದಾಗ, ಅದರಿಂದ ಕ್ಷ-ಕಿರಣಗಳು ಹೊರಡುತ್ತಿರುವುದನ್ನು ರೋಸಾಟ್ ಉಪಗ್ರಹವು ಗುರುತಿಸಿತು. ಲಕ್ಷಾಂತರ ಡಿಗ್ರಿ ಉಷ್ಣತೆಯ ಅನಿಲವು ಕ್ಷ-ಕಿರಣ ಸೂಸುವುದು ಸಹಜ. ಧೂಮಕೇತುವಾದರೋ ಹಿಮ ಮತ್ತು ಧೂಳಿನ ಮುದ್ದೆ. ಈ ಒಗಟಿಗೆ 1997ರಲ್ಲಿ ಥಾಮಸ್ ಕ್ರೇವನ್ಸ್ ಎಂಬ ವಿಜ್ಞಾನಿ ಉತ್ತರ ಸೂಚಿಸಿದರು.

ಸೂರ್ಯನ ಪ್ರಭಾವಲಯದ ಉಷ್ಣತೆ ಹತ್ತು ಲಕ್ಷ ಡಿಗ್ರಿಯನ್ನು ಮೀರುತ್ತದೆ. ಅಲ್ಲಿ ಆಮ್ಲಜನಕದ ಪರಮಾಣು ತನ್ನ ಎಂಟು ಎಲೆಕ್ಟ್ರಾನುಗಳಲ್ಲಿ ಆರು ಅಥವಾ ಏಳನ್ನು, ಕೆಲವೊಮ್ಮೆ ಎಂಟನ್ನೂ ಕಳೆದುಕೊಳ್ಳುತ್ತದೆ. ಇಂತಹ ಅಯಾನುಗಳು ಸೌರ ಮಾರುತದೊಡನೆ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಬಂದು ಧೂಮಕೇತುವಿನ ನೀರಾವಿಯನ್ನು ಸಂಧಿಸುತ್ತವೆ.

ಪರಮಾಣು ವಿಜ್ಞಾನದಲ್ಲಿ ಇದು ‘ನಿಧಾನ’ ಸಂಘಟ್ಟನೆ. ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ ಸುಮಾರು 2,200 ಕಿ.ಮೀ. ಆದ್ದರಿಂದ ಅಯಾನು ಹಾದುಹೋಗುವಷ್ಟರಲ್ಲಿ ಎಲೆಕ್ಟ್ರಾನಿಗೆ ನೆಲೆ ಬದಲಿಸಲು ಸಾಕಷ್ಟು ಅವಕಾಶವಿರುತ್ತದೆ.

ಕೋಸಗಿ, ಆದೋನಿ ಭಾಗದ ಮಕ್ಕಳಿಗೆ ಹೊಲದ ಬದುವಿನ ಉದಾಹರಣೆ ಸುಲಭವಾಗಿ ಹಿಡಿಸುತ್ತದೆ. ನೀರು ನಿಂತ ಮಡಿಯ ಪಕ್ಕದಲ್ಲೇ ಆಳವಾದ ಗುಂಡಿ ತೋಡಿದರೆ ನಡುವಿನ ಬದು ಕುಸಿದು, ನೀರು ಅತ್ತ ಹರಿಯುತ್ತದೆ. ಹಾಗೆಯೇ ಅಯಾನಿನ ಪ್ರಬಲ ಧನಾವೇಶವು ಎಲೆಕ್ಟ್ರಾನನ್ನು ತಡೆದಿಟ್ಟ ಶಕ್ತಿಯ ಬದುವನ್ನು ತಗ್ಗಿಸುತ್ತದೆ. ಇದಕ್ಕೆ ನೇರ ಡಿಕ್ಕಿ ಬೇಕಿಲ್ಲ. ಎಂಟು ಧನಾವೇಶದ ಅಯಾನು ಹೈಡ್ರೋಜನ್ ಪರಮಾಣುವಿನ ತ್ರಿಜ್ಯದ ಹತ್ತು ಪಟ್ಟಿಗೂ ಹೆಚ್ಚು ದೂರದಿಂದಲೇ ಅದರ ಎಲೆಕ್ಟ್ರಾನನ್ನು ಸೆಳೆಯಬಲ್ಲದು.

ಸೆಳೆಯಲ್ಪಟ್ಟ ಎಲೆಕ್ಟ್ರಾನು ನೇರವಾಗಿ ಒಳಗಿನ ಕವಚವನ್ನು ಸೇರುವುದಿಲ್ಲ. ಮೇಲೆ ಹೇಳಿದ ಅಯಾನಿನಲ್ಲಿ ಅದು ಹೆಚ್ಚಾಗಿ ಐದನೆಯ ಕವಚದಲ್ಲಿ ನೆಲೆಗೊಂಡು, ಬಳಿಕ ಕೆಳಗಿಳಿಯುತ್ತದೆ. ಮೊದಲ ಕವಚಕ್ಕೆ ಇಳಿಯುವಾಗ ಹೊರಬೀಳುವ ಶಕ್ತಿಯೇ ಕ್ಷ-ಕಿರಣ. ಈ ಶಕ್ತಿ ಧೂಮಕೇತುವಿನದಲ್ಲ. ಎಲೆಕ್ಟ್ರಾನುಗಳನ್ನು ಕಿತ್ತಾಗ ಸೂರ್ಯನ ಕಾವು ಅಯಾನಿನಲ್ಲಿ ಕೂಡಿಟ್ಟದ್ದು.

ಬೋಧನೆಯಲ್ಲಿ ಎರಡು ಎಚ್ಚರಗಳು ಅಗತ್ಯ. ನ್ಯೂಕ್ಲಿಯಸ್ ತನ್ನದೇ ಪರಮಾಣುವಿನ ಎಲೆಕ್ಟ್ರಾನನ್ನು ಹೀರುವ ವಿಕಿರಣಶೀಲ ಕ್ರಿಯೆಗೂ ‘ಎಲೆಕ್ಟ್ರಾನು ಸೆರೆ’ ಎಂಬ ಹೆಸರಿದೆ. ಅದು ಬೇರೆಯೇ ಸಂಗತಿ. ಇನ್ನೊಂದು, ಕ್ಷ-ಕಿರಣ ಕಂಡಲ್ಲೆಲ್ಲ ವಸ್ತುವೇ ಬಿಸಿಯಾಗಿದೆ ಎಂದು ತೀರ್ಮಾನಿಸಲಾಗದು.

2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟ ಇಸ್ರೋದ ಆದಿತ್ಯ-ಎಲ್1 ನೌಕೆಯಲ್ಲಿ ಸೌರ ಮಾರುತದ ಅಯಾನುಗಳನ್ನು ಅಳೆಯುವ ಉಪಕರಣವಿದೆ. ಆ ನೌಕೆಯ ಕುರಿತು ತರಗತಿಯಲ್ಲಿ ಮಾತು ಬಂದಾಗ ‘ತಣ್ಣನೆಯ ವಸ್ತುವಿನಿಂದ ಕ್ಷ-ಕಿರಣ ಬರಬಹುದೇ?’ ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಡಬಹುದು. ಅದಕ್ಕೆ ಉತ್ತರ ಹುಡುಕುತ್ತ ಅಯಾನು, ಕವಚ, ಶಕ್ತಿಯ ಸಂರಕ್ಷಣೆ ಎಂಬ ಮೂರು ಪಾಠಗಳು ಒಂದೆಡೆ ಕೂಡುತ್ತವೆ.