ಮಾಸ್ಕ್ ಆನ್‌ಲೈನ್‌ನಲ್ಲಿ ಸಿಗುತ್ತೆ, ಸರ್ವಿಸ್ ಎಲ್ಲಿ ಸಿಗುತ್ತೆ?

ಇವತ್ತಿನ ಸಂಚಿಕೆ ಸ್ಕೂಬಾ ಡೈವಿಂಗ್ ಅಂಗಡಿಗಳ ಬಗ್ಗೆ. ಹೆಬ್ಬಾಳದಲ್ಲಿ ಇರೋದು ಒಂದು ಕೆರೆ, ಒಂದು ಫ್ಲೈಓವರ್, ಇಲ್ಲಿ ಕೂತು ಯಾವ ಸ್ಕೂಬಾ ಅಂತ ನಗಬೇಡಿ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಶುಕ್ರವಾರ ರಾತ್ರಿ ಬಸ್ ಹತ್ತುವವರು ನಮ್ಮ ನಡುವೆಯೇ ಇದ್ದಾರೆ. 2022ರ ‘ಗಂಧದ ಗುಡಿ’ಯಲ್ಲಿ ಅಪ್ಪು ಅಲ್ಲಿ ನೀರಿಗಿಳಿದದ್ದನ್ನು ನೋಡಿದ ಮೇಲಂತೂ ನನ್ನ ಗೆಳೆಯರ ಗುಂಪಲ್ಲಿ ಇದೇ ಮಾತು.

ಸಮುದ್ರ ಇಲ್ಲದ ಊರಲ್ಲಿ ಡೈವಿಂಗ್ ಅಂಗಡಿ ಅಂದ್ರೆ ಒಂದು ಕ್ಲಾಸ್‌ರೂಮು, ಬಾಡಿಗೆ ಈಜುಕೊಳ, ವಾರಾಂತ್ಯದ ಟ್ರಿಪ್ಪು, ಗೋಡೆ ಮೇಲೆ ನೇತುಹಾಕಿದ ಒಂದಷ್ಟು ಸಾಮಾನು. ಬಿಕಾಂ ಓದಿದವನಿಗೆ ಮೊದಲು ಕಣ್ಣಿಗೆ ಬೀಳೋದು ಆ ಗೋಡೆ. ಕೋರ್ಸ್ ಫೀ ಎಲ್ಲರೂ ಫೋನಲ್ಲೇ ಹೋಲಿಸಿ ನೋಡ್ತಾರೆ, ಹಾಗಾಗಿ ಅದನ್ನು ಏರಿಸೋದು ಕಷ್ಟ. ಮಾಸ್ಕು, ಫಿನ್ಸು, ಡೈವ್ ಕಂಪ್ಯೂಟರ್ ಮೇಲಿನ ಲಾಭವೇ ಬಾಡಿಗೆಗೆ, ಸಂಬಳಕ್ಕೆ ಆಸರೆ. ಒಂದರ ಲಾಭ ಇನ್ನೊಂದನ್ನು ಸಾಕುತ್ತೆ.

ಆನ್‌ಲೈನ್ ಹೊಡೆತ ಬಿದ್ದಿರೋದು ಸರಿಯಾಗಿ ಅಲ್ಲಿಗೇ. ಮಾಸ್ಕ್ ಕೊಳ್ಳೋ ಕ್ರಮ ಹೇಗೆ ಗೊತ್ತಾ? ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಬೇಕು. ಕಚ್ಚಿಕೊಂಡು ನಿಂತರೆ ಅದು ನಿಮ್ಮ ಮುಖದ್ದು. ಮೀಸೆ ಇದ್ದರೆ ಅಲ್ಲಿಂದ ನೀರು ಒಸರಬಹುದು. ಅಂಗಡಿಯವರು ಅರ್ಧ ಗಂಟೆ ನಿಂತು ಐದಾರು ಮಾಸ್ಕ್ ತೋರಿಸ್ತಾರೆ. ಗಿರಾಕಿ ಮಾಡೆಲ್ ಹೆಸರಿನ ಫೋಟೋ ತೆಗೆದು, ಹೊರಗೆ ಬಂದು ಆರ್ಡರ್ ಹಾಕ್ತಾನೆ. ಆ ಅರ್ಧ ಗಂಟೆಗೆ ಬಿಲ್ಲೇ ಇಲ್ಲ.

ಹಾಗಂತ ದೊಡ್ಡ ಮಳಿಗೆಗಳನ್ನ ಬೈಯೋದೂ ಸರಿಯಲ್ಲ. ಹೆಬ್ಬಾಳದಿಂದ ಬಳ್ಳಾರಿ ರಸ್ತೆ ಹಿಡಿದು ಹೋದ್ರೆ ಚಿಕ್ಕಜಾಲದಲ್ಲಿ ಡೆಕಾಥ್ಲಾನ್ ಇದೆ. ನಮ್ಮಂಥವರ ಕೈಗೆಟುಕೋ ಬೆಲೆಗೆ ಆಟದ ಸಾಮಾನು ತಂದಿದ್ದು ಇಂಥ ಮಳಿಗೆಗಳೇ. ಆದರೆ ಅಲ್ಲಿ ನಿಮ್ಮ ಬದಲು ಯಾರೂ ಯೋಚನೆ ಮಾಡಲ್ಲ. ಡೆಕಾಥ್ಲಾನ್ 2014ರಲ್ಲಿ ತಂದ ಈಸಿಬ್ರೆತ್ ಅನ್ನೋ ಪೂರ್ತಿ ಮುಖ ಮುಚ್ಚೋ ಮಾಸ್ಕನ್ನೇ ತಗೊಳ್ಳಿ. ನೀರಿನ ಮೇಲೆ ತೇಲುತ್ತಾ ಮೀನು ನೋಡೋಕೆ ಚೆಂದ, ಸ್ಕೂಬಾಗೆ ಬರಲ್ಲ. ಅದರೊಳಗೆ ಮೂಗು ಹಿಡಿದು ಕಿವಿಯ ಒತ್ತಡ ಬಿಡಿಸೋಕೆ ಆಗಲ್ಲ, ಬಾಯಿಗೆ ರೆಗ್ಯುಲೇಟರ್ ಇಡೋಕೂ ಜಾಗ ಇಲ್ಲ. ಇದನ್ನ ಡೈವಿಂಗ್ ಅಂಗಡಿಯವರು ಒಂದೇ ಮಾತಲ್ಲಿ ಹೇಳಿ ಮುಗಿಸ್ತಾರೆ.

ಮಾಸ್ಕ್ ಸೋರಿದ್ರೆ ಕಣ್ಣಿಗೆ ಉಪ್ಪು ನೀರು, ಅಷ್ಟೇ. ರೆಗ್ಯುಲೇಟರ್ ವಿಷಯ ಹಾಗಲ್ಲ. ಕಾರಿನ ಟೈರಲ್ಲಿ ಇರೋದು ಎರಡು ಬಾರ್ ಚಿಲ್ಲರೆ ಒತ್ತಡ. ತುಂಬಿದ ಸ್ಕೂಬಾ ಸಿಲಿಂಡರಲ್ಲಿ ಸುಮಾರು 200 ಬಾರ್. ಅಷ್ಟು ಒತ್ತಡದ ಗಾಳಿಯನ್ನ ಎರಡು ಹಂತದಲ್ಲಿ ಇಳಿಸಿ, ನೀವಿರೋ ಆಳಕ್ಕೆ ತಕ್ಕಂತೆ ಬಾಯಿಗೆ ಕೊಡೋದು ರೆಗ್ಯುಲೇಟರ್. 10 ಮೀಟರ್ ಕೆಳಗೆ ಒತ್ತಡ ದಡದಲ್ಲಿರೋದರ ಎರಡರಷ್ಟು. ಒಳಗಿನ ರಬ್ಬರ್ ಉಂಗುರ ಸವೆಯುತ್ತೆ, ಉಪ್ಪು ಕೂರುತ್ತೆ. ಅದಕ್ಕೇ ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ಅದನ್ನ ಬಿಚ್ಚಿ ಸರ್ವಿಸ್ ಮಾಡಿಸಬೇಕು. ಬೈಕ್ ಮೆಕ್ಯಾನಿಕ್ ಕೈಗೆ ಕೊಡೋ ಕೆಲಸ ಅಲ್ಲ ಇದು. ಆ ಬ್ರ್ಯಾಂಡಿನ ತರಬೇತಿ ಬೇಕು, ಅವರದೇ ಬಿಡಿಭಾಗ ಬೇಕು.

ಬಿಡಿಭಾಗ ಅಧಿಕೃತ ಡೀಲರ್‌ಗಳ ಮೂಲಕ ಬರೋದೇ ಹೆಚ್ಚು. ವಿದೇಶದ ವೆಬ್‌ಸೈಟಿನಿಂದ ಅಗ್ಗಕ್ಕೆ ತರಿಸಿದ್ದಕ್ಕೆ ಇಲ್ಲಿ ವಾರಂಟಿ ಸಿಗದೇ ಇರಬಹುದು. ಇನ್ನು ಊರಿನ ಅಂಗಡಿಯೇ ಮುಚ್ಚಿದ್ರೆ, ರೆಗ್ಯುಲೇಟರನ್ನ ಬೇರೆ ಊರಿಗೆ ಕೊರಿಯರ್ ಮಾಡಿ ವಾರಗಟ್ಟಲೆ ಕಾಯಬೇಕು. ‘ಈ ಸಲ ಹೀಗೇ ಹೋಗಿಬರೋಣ’ ಅನ್ನೋ ಸೋಮಾರಿತನ ಹುಟ್ಟೋದು ಆಗಲೇ. ನನಗೆ ಭಯ ಇರೋದು ಅಂಗಡಿಯ ಲಾಭದ ಬಗ್ಗೆ ಅಲ್ಲ, ಇದರ ಬಗ್ಗೆ.

ಅಂಗಡಿಯವರಿಗೆ ನಾನು ಹೇಳೋದು ಒಂದೇ: ಬೆಲೆಯಲ್ಲಿ ಅಮೆಜಾನ್ ಜೊತೆ ಗುದ್ದಾಡಬೇಡಿ. ಮಾಸ್ಕ್ ಕೂರಿಸಿ ನೋಡೋದಕ್ಕೆ, ಸರ್ವಿಸ್‌ಗೆ ಮುಚ್ಚುಮರೆ ಇಲ್ಲದೆ ಚಾರ್ಜ್ ಮಾಡಿ, ಅಲ್ಲೇ ಕೊಂಡವರಿಗೆ ಬಿಲ್ಲಲ್ಲಿ ಕಳೆಯಿರಿ. ಮುಖ ಸಿಂಡರಿಸೋರು ಇರ್ತಾರೆ, ಇರಲಿ.

ಕೊಳ್ಳೋ ನೀವು ಕಾರ್ಟ್‌ಗೆ ಹಾಕೋ ಮುಂಚೆ ಒಂದು ಫೋನ್ ಮಾಡಿ: ‘ಈ ಮಾಡೆಲ್ ನೀವು ಸರ್ವಿಸ್ ಮಾಡ್ತೀರಾ ಸಾರ್, ಎಷ್ಟಾಗುತ್ತೆ?’ ಈಗಾಗಲೇ ರೆಗ್ಯುಲೇಟರ್ ಇದ್ದವರು ಜೂನ್‌ಗೆ ಕಾಯಿರಿ. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗಲ್ಲ, ಸರ್ವಿಸ್‌ಗೆ ಕೊಡೋಕೆ ಅದೇ ಸರಿಯಾದ ಹೊತ್ತು.